ಮುಂಬೈನಲ್ಲಿ ನಕ್ಷತ್ರಗಳ ಹೊಳಪಿನ ಏರಿಳಿತ ಗಮನಿಸೋಕೆ ಯಾವ ಟೆಲಿಸ್ಕೋಪ್ ಕೊಳ್ಳಲಿ?

ಯಾವುದೂ ಬೇಡ. ದುಡ್ಡು ಬ್ಯಾಂಕಿನಲ್ಲೇ ಇರಲಿ. ಮುಂಬೈ ಧೂಳಿನಲ್ಲಿ ಮಾಡಿದ ಅಳತೆಗೆ ಬೆಲೆ ಇದೆಯಾ ಅಂತಲೂ ಕೇಳಿದ್ದೀರಿ. ಇದೇ ಅನುಮಾನ ನನ್ನ ಒಂದು ಇಡೀ ಚಳಿಗಾಲವನ್ನು ತಿಂದುಹಾಕಿತು.

ನಾನಿರೋದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ರಾತ್ರಿ ಊಟ ಆದ ಮೇಲೆ ಟೆರೇಸ್‌ಗೆ ಹೋಗಿ ಆರಿದ್ರಾ ನಕ್ಷತ್ರದ, ಅಂದರೆ ಬೀಟಲ್‌ಜ್ಯೂಸ್‌ನ, ಹೊಳಪನ್ನು ಬರಿಗಣ್ಣಲ್ಲಿ ಅಂದಾಜು ಮಾಡಿ ಬರೆದಿಡುತ್ತಿದ್ದೆ. ಹೊಳಪು ಗೊತ್ತಿರುವ ಎರಡು ನಕ್ಷತ್ರ ಆರಿಸಿಕೊಂಡು, ನಮ್ಮದು ಅವೆರಡರ ನಡುವೆ ಎಲ್ಲಿ ಬರುತ್ತದೆ ಅಂತ ನೋಡೋದು, ಅಷ್ಟೇ. ಹೊಳಪಿನ ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ರೋಹಿಣಿ 0.9ರ ಆಸುಪಾಸು. ಆರಿದ್ರಾ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಒಂದು ಭುಜ, ಇನ್ನೊಂದು ಭುಜ ಬೆಲಾಟ್ರಿಕ್ಸ್ 1.6. ಆರಿದ್ರಾ ಸಾಮಾನ್ಯವಾಗಿ 0.5ರ ಹತ್ತಿರ, ಅಂದರೆ ಇಬ್ಬರಿಗಿಂತಲೂ ಜೋರು.

2019ರ ಡಿಸೆಂಬರ್‌ನಲ್ಲಿ ಅದು ರೋಹಿಣಿಗಿಂತ ಮಂಕಾಗಿ ಕಂಡಿತು. 1.2 ಅಂತ ಬರೆದೆ. ಗಾಳಿಗೆ ಅಂತ ಮೇಲೆ ಬಂದಿದ್ದ ಪಕ್ಕದ ಮನೆಯ ಶೆಟ್ರು ಕೂಡ, "ಆ ಕೆಂಪು ಯಾಕೆ ಈ ಸಲ ಸಪ್ಪಗಿದೆ ಮಾರಾಯ್ರೆ?" ಅಂದರು. "ನಮ್ಮೂರಿನ ಧೂಳು ಶೆಟ್ರೇ" ಅಂದೆ. ಕೆಳಗೆ ಬಂದು 1.2 ಅನ್ನು ರಬ್ಬರಿನಲ್ಲಿ ಅಳಿಸಿ 0.7 ಮಾಡಿದೆ. ಆಮೇಲಿನ ರಾತ್ರಿಗಳಲ್ಲೂ ಅದೇ ಕೆಲಸ. ಧೂಳಿನ ಲೆಕ್ಕ ಸರಿಪಡಿಸುತ್ತಿದ್ದೇನೆ ಅಂತ ಹೆಮ್ಮೆ ಬೇರೆ!

ಇದು ಎಷ್ಟು ದಡ್ಡತನ ಅಂತ ಬಿಡಿಸಿ ಹೇಳಲೇಬೇಕು. ಧೂಳು ಒಂದೇ ನಕ್ಷತ್ರವನ್ನು ಹುಡುಕಿಕೊಂಡು ಹೋಗಿ ಮಂಕು ಮಾಡೋಲ್ಲ. ಬೆಲಾಟ್ರಿಕ್ಸ್ ಇರೋದು ಪಕ್ಕದಲ್ಲೇ. ಆರಿದ್ರಾ ಮುಂದೆ ಇದ್ದ ಧೂಳೇ ಅದರ ಮುಂದೆಯೂ ಇತ್ತು. ಎರಡೂ ಒಟ್ಟಿಗೆ ಮಂಕಾದರೆ ಅವುಗಳ ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತದೆ, ಅಲ್ವಾ? ಹೋಲಿಸಿ ನೋಡೋದೇ ಅದಕ್ಕೆ. ಒಂದು ನಕ್ಷತ್ರ ನೆತ್ತಿಯ ಮೇಲಿದ್ದು, ಇನ್ನೊಂದು ದಿಗಂತದ ಹತ್ತಿರ ಇದ್ದರೆ ಮಾತ್ರ ಗಾಳಿ ಮೋಸ ಮಾಡುತ್ತದೆ. ನನ್ನವು ಹಾಗಿರಲಿಲ್ಲ. ಇನ್ನೂ ಒಂದು ಮಾತು. ಕೆಂಪು ನಕ್ಷತ್ರವನ್ನು ದಿಟ್ಟಿಸಿದರೆ ಅದು ಇರೋದಕ್ಕಿಂತ ಜೋರಾಗಿಯೇ ಕಾಣುತ್ತದೆ. ಆದ್ದರಿಂದ ಮಂಕಾಗಿ ಕಂಡಿದ್ದನ್ನು ನಾನು ಇನ್ನಷ್ಟು ನಂಬಬೇಕಿತ್ತು.

ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಎಡ್ವರ್ಡ್ ಗೈನನ್ ಮತ್ತು ಜೊತೆಗಾರರು ಬೀಟಲ್‌ಜ್ಯೂಸ್ ಮಂಕಾಗುತ್ತಿದೆ ಅಂತ ಪ್ರಕಟಿಸಿದರು. 2020ರ ಫೆಬ್ರವರಿಗೆ ಅದು 1.6ಕ್ಕೆ ಇಳಿದು ಬೆಲಾಟ್ರಿಕ್ಸ್‌ಗೆ ಸಮ ಆಯಿತು. ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಅದರ ಮುಖಕ್ಕೇ ಅಡ್ಡ ಬಂದಿತ್ತು, ಮೇಲ್ಮೈಯ ಒಂದು ಭಾಗವೂ ತಂಪಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಧೂಳು ಅಂತ ನಾನು ಹೇಳಿದ್ದೇನೋ ನಿಜ, ಡೊಂಬಿವಲಿಯದ್ದಾಗಿರಲಿಲ್ಲ ಅಷ್ಟೇ. ನನ್ನ ಪುಸ್ತಕದಲ್ಲಿ ಮಾತ್ರ 0.6, 0.7 ಅಂತ ಶಾಂತವಾದ ಸಾಲು. ಅಳಿಸಿದ್ದರಲ್ಲಿ ಯಾವ ದಿನ ಏನಿತ್ತೋ ಈಗ ನೆನಪಿಲ್ಲ.

ಅದಕ್ಕೇ ಹೇಳ್ತೀನಿ, ಪೆನ್ನಲ್ಲಿ ಬರೆಯಿರಿ. ಧೂಳು, ಮೋಡ, ಬೆಳದಿಂಗಳು ಎಲ್ಲಕ್ಕೂ ಪಕ್ಕದಲ್ಲಿ ಬೇರೆ ಕಾಲಂ ಇರಲಿ, ಅಂಕಿ ಮುಟ್ಟಬೇಡಿ. ಬೇರೆಯವರ ಅಂಕಿ ನೋಡೋದು ನಿಮ್ಮದು ಬರೆದ ಮೇಲೆ. 1911ರಿಂದ ಹವ್ಯಾಸಿಗಳ ಅಳತೆ ಸಂಗ್ರಹಿಸುತ್ತಿರುವ ಅಮೆರಿಕದ ಸಂಘ ಎಎವಿಎಸ್‌ಒಗೆ (AAVSO) ಕಳಿಸಿ. ವಿಜ್ಞಾನಿಗಳು ಅದನ್ನು ನಿಜವಾಗಿಯೂ ಬಳಸುತ್ತಾರೆ.

ಆರಿದ್ರಾ ನಿಧಾನದ ಗಿರಾಕಿ. ಶುರುವಿಗೆ ಅಲ್ಗೋಲ್ ಅನ್ನೋ ನಕ್ಷತ್ರ ಚೆನ್ನ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾದ ಜೊತೆಗಾರ ನಕ್ಷತ್ರ ಅಡ್ಡ ಬಂದು ಅದರ ಹೊಳಪು 2.1ರಿಂದ 3.4ಕ್ಕೆ ಇಳಿಯುತ್ತದೆ. ಪೂರ್ತಿ ಇಳಿದೇರೋಕೆ ಸುಮಾರು 10 ಗಂಟೆ. ಒಂದು ವಸ್ತು ಅಡ್ಡ ಬರುತ್ತಿರಬಹುದು ಅಂತ 1783ರಲ್ಲೇ ಊಹಿಸಿದವನು ಜಾನ್ ಗುಡ್ರಿಕ್, ಕಿವಿ ಕೇಳದ ಹದಿಹರೆಯದ ಹುಡುಗ. ಅವನ ಊಹೆ ಹುಟ್ಟಿದ್ದೂ ಬರಿಗಣ್ಣಿನ ಲೆಕ್ಕದಿಂದಲೇ. ನಮ್ಮ ಬೆಳಕಿನಲ್ಲಿ 3.4 ಕಾಣೋದು ಕಷ್ಟ ಆದರೆ 10×50 ಬೈನಾಕ್ಯುಲರ್ ಸಾಕು.

ಊರ ಬೆಳಕಿನಿಂದ ದೂರದ ವಾಂಗಣಿಯಂಥ ಜಾಗಕ್ಕೆ ಖುಷಿಗೆ ಹೋಗಿ ಬನ್ನಿ. ಈ ಕೆಲಸಕ್ಕೆ ದಿನಾ ಹತ್ತಬಹುದಾದ ಟೆರೇಸ್ ಬೇಕು. ಟೆಲಿಸ್ಕೋಪ್‌ನ ಕಿರಿದಾದ ನೋಟದಲ್ಲಿ ಆರಿದ್ರಾ, ರೋಹಿಣಿ ಒಟ್ಟಿಗೆ ಹಿಡಿಸೋದೇ ಇಲ್ಲ. ಇನ್ನು ಹೋಲಿಸೋದು ಹೇಗೆ?