ಮಲೇರಿಯಾ ಲಸಿಕೆಯಿಂದ ಹೆಣ್ಣುಮಕ್ಕಳಿಗೆ ಹೆಚ್ಚಿನ ಅಪಾಯವಿದೆಯೇ?

ಆರ್‌ಟಿಎಸ್,ಎಸ್ ಮಲೇರಿಯಾ ಲಸಿಕೆ ಪಡೆದ ಹೆಣ್ಣುಮಕ್ಕಳಲ್ಲಿ ಸಾವು ಹೆಚ್ಚಿತ್ತೆಂದು ಓದಿದ ನೀವು, ಗಂಡು ಹೆಣ್ಣುಗಳ ರೋಗನಿರೋಧಕ ಶಕ್ತಿಯಲ್ಲಿರುವ ವ್ಯತ್ಯಾಸವೇ ಇದಕ್ಕೆ ಕಾರಣವೇ ಎಂದು ಕೇಳಿದ್ದೀರಿ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ಸಾವಿನ ಲೆಕ್ಕ. 2009ರಿಂದ 2014ರವರೆಗೆ ಆಫ್ರಿಕಾದ 7 ದೇಶಗಳಲ್ಲಿ 15 ಸಾವಿರಕ್ಕೂ ಹೆಚ್ಚು ಶಿಶುಗಳು ಮತ್ತು ಚಿಕ್ಕ ಮಕ್ಕಳ ಮೇಲೆ ನಡೆದ ಮೂರನೆಯ ಹಂತದ ಪ್ರಯೋಗದ ಅಂಕಿಅಂಶಗಳನ್ನು ಲಿಂಗವಾರು ವಿಂಗಡಿಸಿ ನೋಡಿದಾಗ, ಈ ಲಸಿಕೆ ಪಡೆದ ಹೆಣ್ಣುಮಕ್ಕಳಲ್ಲಿ ಸಾವಿನ ಪ್ರಮಾಣವು ಬೇರೆ ಲಸಿಕೆ ಪಡೆದ ಹೋಲಿಕೆ ಗುಂಪಿನ ಹೆಣ್ಣುಮಕ್ಕಳಿಗಿಂತ ಸುಮಾರು ಎರಡು ಪಟ್ಟು ಕಂಡುಬಂತು, ಗಂಡುಮಕ್ಕಳಲ್ಲಿ ಹಾಗಿರಲಿಲ್ಲ. ಆ ಪ್ರಯೋಗವನ್ನು ಈ ಪ್ರಶ್ನೆಗೆ ಉತ್ತರಿಸಲೆಂದು ರೂಪಿಸಿರಲಿಲ್ಲ, ಹೆಚ್ಚುವರಿ ಸಾವುಗಳ ಹಿಂದೆ ಯಾವುದೋ ಒಂದೇ ಕಾಯಿಲೆಯೂ ಇರಲಿಲ್ಲ. ಹಾಗೆಂದು ಆಕಸ್ಮಿಕವೆಂದು ತಳ್ಳಿಹಾಕುವಂತೆಯೂ ಇರಲಿಲ್ಲ, ಏಕೆಂದರೆ ಹೆಚ್ಚು ಸಾಂದ್ರತೆಯ ದಡಾರ ಲಸಿಕೆಯೊಂದನ್ನು 1992ರಲ್ಲಿ ಕೈಬಿಡಬೇಕಾಗಿ ಬಂದದ್ದು ಹೆಣ್ಣುಮಕ್ಕಳಲ್ಲಿ ಸಾವು ಹೆಚ್ಚಿದ ಕಾರಣಕ್ಕೇ. ಆದ್ದರಿಂದ 2019ರಿಂದ ಘಾನಾ, ಕೆನ್ಯಾ ಮತ್ತು ಮಲಾವಿಗಳಲ್ಲಿ ಲಕ್ಷಾಂತರ ಮಕ್ಕಳಿಗೆ ಲಸಿಕೆ ಹಾಕುವಾಗ ಹೆಣ್ಣುಮಕ್ಕಳ ಸಾವನ್ನು ಪ್ರತ್ಯೇಕವಾಗಿ ಗಮನಿಸಲಾಯಿತು. ಆ ಹೆಚ್ಚಳ ಅಲ್ಲಿ ಕಾಣಲಿಲ್ಲ. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯನ್ನು ಶಿಫಾರಸು ಮಾಡಿತು. ಅನುಮಾನವನ್ನು ಮುಚ್ಚಿಡದೆ ಪರೀಕ್ಷೆಗೆ ಒಡ್ಡಿದ ಈ ಕ್ರಮದ ಬಗ್ಗೆ ನನಗೆ ಬಹಳ ಗೌರವವಿದೆ.

ಎರಡನೆಯದು ಪ್ರಯೋಗಾಲಯದ ಇಲಿಗಳ ವಿಚಾರ, ಅಲ್ಲಿ ವ್ಯತ್ಯಾಸ ನಿಸ್ಸಂದೇಹವಾಗಿ ಇದೆ. ಇಲಿಗಳಲ್ಲಿ ಮಲೇರಿಯಾ ತರುವ ಪ್ಲಾಸ್ಮೋಡಿಯಂ ಚಬಾಡಿ ಎಂಬ ಪರಾವಲಂಬಿಯನ್ನು ಕೆಲವು ತಳಿಗಳ ಇಲಿಗಳಿಗೆ ಸೇರಿಸಿದರೆ ಹೆಣ್ಣುಗಳು ತಾವಾಗಿಯೇ ಗುಣವಾಗುತ್ತವೆ, ಅದೇ ಪ್ರಮಾಣದ ಸೋಂಕಿಗೆ ಗಂಡುಗಳು ಬಲಿಯಾಗುತ್ತವೆ. ಹೆಣ್ಣಿಲಿಗೆ ಮೊದಲೇ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಕೊಟ್ಟರೆ ಅದೂ ಸಾಯುತ್ತದೆ. ಆದರೆ ಇವು ಪ್ರಾಯದ ಇಲಿಗಳು. ಮಲೇರಿಯಾ ಲಸಿಕೆ ಪಡೆಯುವ ವಯಸ್ಸಿನ ಮಗುವಿನಲ್ಲಿ ಲೈಂಗಿಕ ಹಾರ್ಮೋನುಗಳ ಮಟ್ಟ ಬಹಳ ಕಡಿಮೆ, ಆದ್ದರಿಂದ ಇಲಿಯ ಫಲಿತಾಂಶವನ್ನು ಮಗುವಿಗೆ ನೇರವಾಗಿ ಅನ್ವಯಿಸಲಾಗದು. ಹುಟ್ಟಿನಿಂದಲೇ ಇರುವ ವ್ಯತ್ಯಾಸವೆಂದರೆ ಹೆಣ್ಣಿನಲ್ಲಿ ಎರಡು, ಗಂಡಿನಲ್ಲಿ ಒಂದೇ ಇರುವ ಎಕ್ಸ್ ವರ್ಣತಂತು: ರೋಗಾಣುಗಳ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್7 ಜೀನ್ ಅದರ ಮೇಲಿದ್ದು, ಹೆಣ್ಣಿನ ಕೆಲವು ಜೀವಕೋಶಗಳಲ್ಲಿ ಅದರ ಎರಡೂ ಪ್ರತಿಗಳು ಕೆಲಸ ಮಾಡುತ್ತವೆ.

ಇನ್ನು ಮುಂದೆ ಇಂಥ ಲಸಿಕೆಗಳ ಸುದ್ದಿ ಓದುವಾಗ, ಪರೀಕ್ಷೆಗೆ ಬಳಸಿದ್ದು ಹೆಣ್ಣಿಲಿಗಳನ್ನು ಮಾತ್ರವೇ ಎಂದು ದಯವಿಟ್ಟು ನೋಡಿ. ಗಂಡಿಲಿಗಳು ಒಂದೇ ಪಂಜರದಲ್ಲಿ ಕಚ್ಚಾಡುತ್ತವೆಂದು ಅವನ್ನು ಬಿಟ್ಟುಬಿಡುವ ರೂಢಿ ಇನ್ನೂ ಇದೆ, ಮತ್ತು ಹಾಗೆ ಸಿಕ್ಕ ಫಲಿತಾಂಶದಿಂದ ಗಂಡಿನ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ.