ಮಗಳು ಬೆರೆಸಿ ಹಾಡಿದರೆ ವಿದ್ಯೆ ಕೆಡುತ್ತದೆಯೇ?

ಪೆರ್ಲ ಸಮೀಪದ ತಾಯಿಯೊಬ್ಬರ ಪತ್ರದ ಸಾರಾಂಶ: “ಮಗಳು ಚಿಕ್ಕಂದಿನಿಂದ ಕರ್ನಾಟಕ ಸಂಗೀತದಲ್ಲಿ ಪಿಟೀಲು, ಹಾಡುಗಾರಿಕೆ ಎರಡನ್ನೂ ಕಲಿತವಳು. ಶಾಲಾ ಕಲೋತ್ಸವದಲ್ಲಿ ಪೌರಸ್ತ್ಯ (ಭಾರತೀಯ ಶೈಲಿಯ) ಪಿಟೀಲಿಗೆ ಬಹುಮಾನ ಬಂದಿದೆ. ಈಗ ಮಂಗಳೂರಿನಲ್ಲಿ ಕೆಲಸ. ರಜಾದಿನಗಳಲ್ಲಿ ಗಿಟಾರ್, ಡ್ರಮ್ಸ್‌ನವರ ಜೊತೆ ಸೇರಿ ದಾಸರ ಪದ, ಯಕ್ಷಗಾನದ ಪದ, ಮಲಯಾಳಂ ಹಾಡು ಎಲ್ಲವನ್ನೂ ಬೆರೆಸಿ ಹಾಡುತ್ತಾಳೆ, ನುಡಿಸುತ್ತಾಳೆ. ಕೆಲಸ ಬಿಟ್ಟು ಇದನ್ನೇ ಮಾಡುತ್ತೇನೆ ಎನ್ನುತ್ತಾಳೆ. ಗುರುಗಳು ಮುನಿಸಿಕೊಂಡಿದ್ದಾರೆ. ನೆಂಟರು ಕಲಬೆರಕೆ ಎನ್ನುತ್ತಾರೆ. ಇದರಲ್ಲಿ ಹೊಟ್ಟೆ ತುಂಬೀತೇ? ಕಲಿತ ವಿದ್ಯೆ ಕೆಟ್ಟುಹೋಗದೇ?”

ಮಾನ್ಯರೇ,

ಹೊಟ್ಟೆಪಾಡಿನ ಮಾತಿಗೆ ಆಮೇಲೆ ಬರುತ್ತೇನೆ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ವಿದ್ಯೆಯ ಚಿಂತೆ ಎಂದು ಪತ್ರ ಓದಿದರೇ ತಿಳಿಯುತ್ತದೆ.

ಮೂಗು ಮುರಿಯುವ ನೆಂಟರಿಗೆ ಮುತ್ತುಸ್ವಾಮಿ ದೀಕ್ಷಿತರ ಹೆಸರು ಹೇಳಿ. ಬ್ರಿಟಿಷರ ಬ್ಯಾಂಡ್ ನುಡಿಸುತ್ತಿದ್ದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ಕೊಟ್ಟವರು ಅವರು. ‘ಸಂತತಂ ಪಾಹಿಮಾಂ’ ಕಲಿಯುವ ಎಷ್ಟೋ ಮಕ್ಕಳಿಗೆ ಅದು ಇಂಗ್ಲೆಂಡಿನ ರಾಜಗೀತೆಯ ಧಾಟಿ ಎಂಬುದು ಗೊತ್ತಿರುವುದಿಲ್ಲ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ವಾದಕರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ತಂಜಾವೂರಿನ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ದಂತದ ಪಿಟೀಲನ್ನು ಉಡುಗೊರೆ ಕೊಟ್ಟದ್ದು 1834ರಲ್ಲಿ. ಮುಂದೆ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ತಂತಿ ಕಟ್ಟಿದರು. ನಿಮ್ಮ ಮಗಳು ಇದೇ ದಾರಿಯಲ್ಲಿದ್ದಾಳೆ.

ಆದರೆ ದೀಕ್ಷಿತರ ಕೆಲಸದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಮಗಳಿಗೆ ಹೇಳಿ. ನೊಟ್ಟುಸ್ವರಗಳೆಲ್ಲ ಶಂಕರಾಭರಣ ರಾಗದ ಸ್ವರಗಳಲ್ಲಿವೆ; ಪಾಶ್ಚಾತ್ಯರ ಮೇಜರ್ ಸ್ಕೇಲ್ ಕೂಡ ಅದೇ. ಎರಡು ಸಂಗೀತಗಳೂ ಒಪ್ಪುವ ಜಾಗದಲ್ಲಿ ಅವರು ಬೆರೆಸಿದರು, ತೋಡಿಯಂಥ ರಾಗದ ತಂಟೆಗೆ ಹೋಗಲಿಲ್ಲ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ರಿಷಭ ಮಧ್ಯಮಗಳ ನಡುವೆ ಬೆರಳು ತೂಗುತ್ತಲೇ ಇರಬೇಕು. ಪಕ್ಕದಲ್ಲಿ ಗಿಟಾರಿನವನು ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಹಿಡಿದು ನಿಂತನೆಂದರೆ ಆ ತೂಗಾಟದ ಅರ್ಧ ಭಾಗ ಅಪಸ್ವರವಾಗಿ ಕೇಳಿಸುತ್ತದೆ. ಆಗ ಪಿಟೀಲಿನವಳು ಗಮಕವನ್ನು, ಅಂದರೆ ಸ್ವರದ ತೂಗಾಟವನ್ನು, ಕಡಿಮೆ ಮಾಡಿ ಸ್ವರವನ್ನು ನೇರಗೊಳಿಸುತ್ತಾಳೆ. ಮೊದಮೊದಲು ವೇದಿಕೆಯಲ್ಲಿ ಮಾತ್ರ. ಬರಬರುತ್ತಾ ಮನೆಯ ಅಭ್ಯಾಸದಲ್ಲೂ ಬೆರಳು ಹಾಗೆಯೇ ಓಡತೊಡಗುತ್ತದೆ. ವಿದ್ಯೆ ಕೆಡುವುದು ಇಲ್ಲಿ. ಗುರುಗಳ ಮುನಿಸು ಈ ಕಾರಣಕ್ಕಾದರೆ ಅದು ನ್ಯಾಯವೇ. ಮೋಹನ, ಹಂಸಧ್ವನಿ, ಕೀರವಾಣಿ, ಚಾರುಕೇಶಿಗಳು ಕಾರ್ಡುಗಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ತೋಡಿ, ಬೇಗಡೆ, ಸಹಾನಗಳನ್ನು ತಂಬೂರಿಯ ಜೊತೆಗೇ ಬಿಡುವುದು ಲೇಸು.

ಯಕ್ಷಗಾನದ ಪದ ಎಂದಾಗ ನನಗೆ ಉತ್ಸಾಹ ಉಕ್ಕುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮಗೆ ದೂರವಲ್ಲ. ಭಾಗವತರು ಏರುಸ್ವರದಲ್ಲಿ ಎಳೆದು ನಿಲ್ಲಿಸುವುದನ್ನು ಪಿಟೀಲಿನಷ್ಟು ಹತ್ತಿರದಿಂದ ಹಿಂಬಾಲಿಸಬಲ್ಲ ವಾದ್ಯ ನನಗೆ ಬೇರೆ ಕಾಣದು. ಎಡನೀರಿನ ಕೇಶವಾನಂದ ಭಾರತಿ ಸ್ವಾಮೀಜಿಯವರನ್ನು ದೇಶ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲದು. ಕಾಸರಗೋಡಿನವರಾದ ನಮಗೆ ಅವರು ಶಾಸ್ತ್ರೀಯ ಸಂಗೀತವನ್ನೂ ಭಾಗವತಿಕೆಯನ್ನೂ ಹಾಡಿದವರು. ಆದ್ದರಿಂದ ಮಗಳು ಧೈರ್ಯವಾಗಿ ಹಾಡಲಿ. ಪದವನ್ನು ಡ್ರಮ್ಸಿನ ನಾಲ್ಕು ಪೆಟ್ಟಿಗೆ ತುರುಕುವ ಹಟ ಮಾತ್ರ ಬೇಡ. ತಾಳ ಏಳು ಮಾತ್ರೆಯದಾದರೆ ಡ್ರಮ್ಸಿನವನು ಏಳನ್ನು ಕಲಿಯಲಿ.

ನುಡಿಸುತ್ತಾ ಹಾಡುವವಳು ಕೂರುವ ಭಂಗಿಯನ್ನೂ ಬಿಟ್ಟುಕೊಡಬಾರದು. ಬ್ಯಾಂಡಿನವರಂತೆ ನಿಂತು ಪಿಟೀಲನ್ನು ಗದ್ದದಡಿ ಒತ್ತಿ ಹಿಡಿದರೆ ದವಡೆ ಬಿಗಿಯುತ್ತದೆ, ಹಾಡು ಗಂಟಲಲ್ಲೇ ಉಳಿಯುತ್ತದೆ. ಕಾಲು ಮಡಿಸಿ ಕುಳಿತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿ ನುಡಿಸುವ ನಮ್ಮ ಕ್ರಮದಲ್ಲಿ ಗದ್ದ ಪೂರ್ತಿ ಸ್ವತಂತ್ರ. ಉಳಿದವರೆಲ್ಲ ನಿಂತಿರುತ್ತಾರೆ ಎಂದಾದರೆ ಅವಳಿಗೊಂದು ಎತ್ತರದ ಮಣೆ ಹಾಕಿಸಲಿ.

ಇನ್ನು ಸಂಪಾದನೆ. ನಮ್ಮ ಕಡೆಯ ಕಲಾವಿದರಿಗೆ ವರ್ಷದಲ್ಲಿ ಹನ್ನೆರಡು ತಿಂಗಳೂ ದುಡಿಮೆ ಇರುವುದಿಲ್ಲ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಉತ್ಸವಗಳು ನಿಲ್ಲುತ್ತವೆ, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಗಳಿಲ್ಲ. ಮಳೆಗೆ ತಂತಿ ಬಿಗಿಸುವ ಬಿರಡೆ ಉಬ್ಬಿ ತಿರುಗದೆ ಕೂರುತ್ತದೆ, ಕಮಾನಿನ ಕೂದಲು ಸಡಿಲುತ್ತದೆ. ಕೈಗೂ ವಾದ್ಯಕ್ಕೂ ಕಷ್ಟದ ಕಾಲ. ಆ ತಿಂಗಳುಗಳನ್ನು ದಾಟಿಸುವುದು ಪಾಠ ಮತ್ತು ಸ್ಟುಡಿಯೋ ಕೆಲಸ. ಸ್ಟುಡಿಯೋದವರು ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಮುಂದಿಟ್ಟರೆ ಓದಲು ಬರಬೇಕು, ಈಗಲೇ ಕಲಿಯಲಿ. ಮದುವೆಯಾಗಲಿ ದೇವಸ್ಥಾನವಾಗಲಿ, ಸಂಭಾವನೆ, ಪ್ರಯಾಣ, ಮೈಕಿನ ವ್ಯವಸ್ಥೆ ಎಲ್ಲವನ್ನೂ ಬರಹದಲ್ಲಿ ಖಚಿತಪಡಿಸಿಕೊಂಡು ಮುಂಗಡ ಪಡೆಯಲಿ. ಗುರುತಿನವರು ಎಂಬ ಸಂಕೋಚಕ್ಕೆ ಎಷ್ಟು ಕಲಾವಿದರು ಬರಿಗೈಯಲ್ಲಿ ರಾತ್ರಿ ಬಸ್ ಹತ್ತಿದ್ದಾರೆಂದು ಬಲ್ಲೆ. ಧ್ವನಿಮುದ್ರಿಸಿ ಹೊರತರುವುದಾದರೆ ಪುರಂದರದಾಸರ ಪದಕ್ಕೂ ಪಾರ್ತಿಸುಬ್ಬನ ಪದಕ್ಕೂ ಯಾರ ಅನುಮತಿಯೂ ಬೇಡ. ಸಿನಿಮಾ ಹಾಡಿನ ಸಂಗತಿ ಬೇರೆ. ಕವಿ, ಸಂಗೀತ ಸಂಯೋಜಕರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ, ಹಾಡುಗಾರರಿಗೆ ಪಕ್ಕವಾದ್ಯ ನುಡಿಸುವುದನ್ನು ಬಿಡದಿರಲಿ. ದುಡ್ಡು ಕಡಿಮೆ ಎಂದು ಈ ಹೊಸ ಹಾದಿಯವರು ಮೊದಲು ಬಿಡುವುದೇ ಅದನ್ನು. ಹಾಡುಗಾರರು ಆ ಕ್ಷಣದಲ್ಲಿ ಕಟ್ಟಿದ ಸ್ವರವನ್ನು ಕೇಳಿದ ಮರುಗಳಿಗೆಯೇ ಕಮಾನಿಗೆ ತರುವ ಕಿವಿ ಅಲ್ಲಿ ಪಳಗುತ್ತದೆ, ಬೇರೆಲ್ಲೂ ಅಲ್ಲ. ಭಾರತೀಯ ಸಂಗೀತವನ್ನು ಜಾಝ್ ಜೊತೆ ಬೆರೆಸಿದ ‘ಶಕ್ತಿ’ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂದಾಗ ಅಲ್ಲಿ ಪಿಟೀಲು ಹಿಡಿದಿದ್ದ ಗಣೇಶ್ ರಾಜಗೋಪಾಲನ್ ತಮ್ಮನಾದ ಕುಮರೇಶ್ ಜೊತೆ ದಶಕಗಳ ಕಾಲ ಕರ್ನಾಟಕ ಸಂಗೀತ ಕಛೇರಿ ನಡೆಸಿದವರು. ಗುರುಗಳ ಮನೆಗೂ ಮಗಳು ಒಬ್ಬಳೇ ಹೋಗಿ, ವಾರಕ್ಕೊಂದು ಪಾಠ ಮುಂದುವರಿಸಿ ಎಂದು ಕೇಳಲಿ. ನೀವು ಮಧ್ಯಸ್ಥಿಕೆಗೆ ಹೋಗಬೇಡಿ.

ನನ್ನನ್ನು ಕೇಳಿದರೆ, ಅವಳನ್ನು ತಡೆಯಬೇಡಿ. ಮಳೆಗಾಲದ ಖರ್ಚಿನಷ್ಟು ಹಣ ಕೈಯಲ್ಲಿರಲಿ; ರಾಜೀನಾಮೆಯನ್ನು ಪತ್ತನಾಜೆಯ ಹೊತ್ತಿಗಲ್ಲ, ನವರಾತ್ರಿಗೆ ಮುಂಚೆ ಕೊಡಲಿ.

— ಸಂಪಾದಕ