ಪ್ರತಿ: ಜಾನ್ ಶೆರ್ಮನ್ ಕೂಪರ್ ಅವರ ವರ್ಷಗಳು ತಾಳೆಯಾಗುತ್ತಿಲ್ಲ

ನಿಮ್ಮ ಪಟ್ಟಿಯಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ರಾಜಕಾರಣಿ ಕೂಪರ್ 1946, 1952, 1956 ಮೂರರಲ್ಲೂ ಹೊಸದಾಗಿ ಸೆನೆಟ್‌ಗೆ (ಅಲ್ಲಿನ ಸಂಸತ್ತಿನ ಮೇಲ್ಮನೆಗೆ) ಬಂದ ಹಾಗಿದೆ ಅಂದಿರಿ. ಅದು ಬಹುಶಃ ತಪ್ಪಲ್ಲ. ಮೂರೂ ಸಲ ಅವರು ಗೆದ್ದಿದ್ದು ಉಪಚುನಾವಣೆ. ನೀವು ನೋಡಿದ ಪುಟ ನನ್ನ ಮುಂದಿಲ್ಲ, ಆದರೂ ಗೊಂದಲ ಇಲ್ಲೇ ಇರಬೇಕು.

ಮೊದಲು ಸೆನೆಟ್ ಅವಧಿಯನ್ನು ಮೂರು ಸಾಲಾಗಿ ಒಡೆಯಿರಿ: 1946–49, 1952–55, 1956–73. ನಡುವಿನ ಖಾಲಿ ಜಾಗಗಳಿಗೆ ಕಾರಣ ಸೋಲು. 1948ರಲ್ಲಿ ವರ್ಜಿಲ್ ಚಾಪ್‌ಮನ್ ಎದುರು, 1954ರಲ್ಲಿ ಆಲ್ಬೆನ್ ಬಾರ್ಕ್ಲಿ ಎದುರು. ವಿಚಿತ್ರ ನೋಡಿ, ಇಬ್ಬರೂ ಅವಧಿ ಮುಗಿಯುವ ಮೊದಲೇ ತೀರಿಕೊಂಡರು. ಎರಡೂ ಸಲ ಕೆಂಟಕಿಯ ಅದೇ ಸೀಟಿಗೆ ಕೂಪರ್ ವಾಪಸ್! ಪೂರ್ತಿ ಆರು ವರ್ಷದ ಅವಧಿಗೆ ಗೆದ್ದಿದ್ದು 1960 ಮತ್ತು 1966ರಲ್ಲಿ ಮಾತ್ರ.

ಆಮೇಲೆ ಎರಡನೇ ಖಾಲಿ ಜಾಗದಲ್ಲಿ ದೆಹಲಿ ಸೇರಿಸಿ. 1954ರಲ್ಲಿ ಸೋತ ಮೇಲೆ ಕೂಪರ್ ಅವರನ್ನು ಆಗಿನ ಅಧ್ಯಕ್ಷ ಐಸೆನ್‌ಹೋವರ್ ಭಾರತಕ್ಕೆ ರಾಯಭಾರಿಯಾಗಿ ಕಳಿಸಿದರು, 1955–56. ನೇಪಾಳದ ಹೊಣೆಯೂ ಅವರದ್ದೇ. ‘ಸೆನೆಟರ್ ಆಗಿದ್ದಾಗಲೇ ರಾಯಭಾರಿ’ ಅನ್ನೋ ನಿಮ್ಮ ಸಾಲು ತೆಗೆದುಬಿಡಿ. ಎರಡೂ ಹುದ್ದೆ ಒಟ್ಟಿಗೆ ಇಟ್ಟುಕೊಳ್ಳಲು ಅಮೆರಿಕದ ಸಂವಿಧಾನ ಬಿಡುವುದಿಲ್ಲ.

ಕೊನೆಗೆ 1974–76. ಇಲ್ಲಿ ಸುಮ್ನೆ ‘ಜರ್ಮನಿ’ ಅಂತ ಬರೆಯಬೇಡಿ, ‘ಪೂರ್ವ ಜರ್ಮನಿ’ ಅನ್ನಿ. ಅಲ್ಲಿಗೆ ಹೋದ ಮೊದಲ ಅಮೆರಿಕನ್ ರಾಯಭಾರಿ ಇವರೇ. ಪಶ್ಚಿಮ ಜರ್ಮನಿಗೆ ಅದರ ರಾಜಧಾನಿ ಬಾನ್‌ನಲ್ಲಿ ಬೇರೆ ರಾಯಭಾರಿ ಇದ್ದರು.

ತಿಂಗಳು, ತಾರೀಕು ಬೇಕಿದ್ದರೆ ಸೆನೆಟ್‌ನದನ್ನು ಅಮೆರಿಕದ ಕಾಂಗ್ರೆಸ್‌ನ ಸದಸ್ಯರ ಜೀವನಚರಿತ್ರೆ ಕೋಶದಲ್ಲಿ ನೋಡಿ. ರಾಯಭಾರದ್ದು ಅಲ್ಲಿನ ವಿದೇಶಾಂಗ ಇಲಾಖೆಯ ಇತಿಹಾಸ ವಿಭಾಗದ ಜಾಲತಾಣದಲ್ಲಿದೆ.